ದಾರಿಹೋಕನ ಹೆಸರು

ಖುಲ್ತಾಬಾದ್ ಎಂದೊಡನೆ ನೆನಪಾಗುವುದು ಔರಂಗಜೇಬನ ಗೋರಿ, ಸೂಫಿ ಸಂತರ ದರ್ಗಾಗಳು, ಅದೇ ತಾಲ್ಲೂಕಿಗೆ ಸೇರಿದ ವೇರೂಳಿನ, ಅಂದರೆ ಎಲ್ಲೋರಾದ, ಗುಹೆಗಳು. ಅಪರಾಧದ ಅಧ್ಯಯನದ ಚರಿತ್ರೆಯಲ್ಲೂ ಈ ನೆಲಕ್ಕೊಂದು ಜಾಗವಿದೆ. ಕಂಪನಿ ಸರ್ಕಾರದ ಅಧಿಕಾರಿ ವಿಲಿಯಂ ಸ್ಲೀಮನ್ 1836ರಲ್ಲಿ ಕಲ್ಕತ್ತದಿಂದ ಹೊರತಂದ ‘ರಾಮಸೀಯಾನಾ’ ಗ್ರಂಥದಲ್ಲಿ, ದಾರಿಹೋಕರನ್ನು ಕುಣಿಕೆ ಬಿಗಿದು ಕೊಲ್ಲುತ್ತಿದ್ದು, ಮುಂದೆ ಮಾಫಿಸಾಕ್ಷಿಗಳಾಗಿ ಬದಲಾದ ಠಕ್ಕರೊಡನೆ ನಡೆದ ಮಾತುಕತೆ ದಾಖಲಾಗಿದೆ. ತಮ್ಮ ಕಸುಬಿನ ಒಂದೊಂದು ಹಂತವೂ ಎಲ್ಲೋರಾದ ಕಲ್ಲಿನಲ್ಲಿ ಕೆತ್ತಲ್ಪಟ್ಟಿದೆ ಎಂದು ಅವರು ಅವನಿಗೆ ಹೇಳಿದ್ದರು. ಆ ಗುಹೆಗಳಲ್ಲಿ ಅಂಥದ್ದೇನೂ ಇಲ್ಲ. ಆದರೂ ಸ್ಲೀಮನ್ ಆ ಮಾತನ್ನು ಬರೆದಿಟ್ಟ. ಅವರ ಗುಪ್ತಭಾಷೆಯ ಶಬ್ದಕೋಶ ಕಟ್ಟಿದ, ವಂಶಾವಳಿ ಹಾಕಿದ, ಯಾರು ಯಾರ ಮಗ, ಯಾರ ಅಳಿಯ ಎಂಬುದನ್ನು ಜೋಡಿಸಿದ. ಕುಣಿಕೆಗೆ ಸಿಕ್ಕಿ ಸತ್ತ ದಾರಿಹೋಕರು ಮಾತ್ರ ಆ ಬರಹದಲ್ಲಿ ಬಹುಮಟ್ಟಿಗೆ ಹೆಸರಿಲ್ಲದವರು. ಇಷ್ಟು ಜನ ಸಿಪಾಯಿಗಳು, ಒಬ್ಬ ವ್ಯಾಪಾರಿ, ಜೊತೆಗೊಂದು ಹೆಂಗಸು, ಅಷ್ಟೇ. ನಮ್ಮಲ್ಲಿ ಅಪರಾಧದ ಅಧ್ಯಯನ ಹುಟ್ಟಿದ್ದು ಹೀಗೆ. ‘ಯಾರು ಮಾಡಿದರು’ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಆ ಶಾಸ್ತ್ರ ‘ಯಾರಿಗೆ ಏನಾಯಿತು’ ಎಂದು ಕೇಳಲು ಒಂದೂವರೆ ಶತಮಾನ ತೆಗೆದುಕೊಂಡಿತು. ಅದರ ಮುಖ್ಯ ದೋಷಗಳೆಲ್ಲ ಈ ತಡದಿಂದಲೇ ಬಂದವು ಎಂಬುದು ನನ್ನ ವಾದ.

ಈ ಕಥೆಯಲ್ಲಿ ಕನ್ನಡ ನಾಡಿನ ಪಾತ್ರ ಸಣ್ಣದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ‘ಫಾಂಸಿಗಾರ’ರನ್ನು, ಅಂದರೆ ಇಂಥ ಠಕ್ಕರನ್ನೇ, ಹಿಡಿಯಲಾಯಿತು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಅವರನ್ನು ಕುರಿತು ಬರೆದ ಪ್ರಬಂಧವೇ ಸ್ಲೀಮನ್ನನ ಕೆಲಸಕ್ಕೂ ಹಿಂದಿನದು. ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1839ರಲ್ಲಿ ಠಕ್ಕನೊಬ್ಬನ ಬಾಯಿಂದಲೇ ಹೇಳಿಸಿದಂತೆ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರಾದ. ಮುಂದೆ ಸುರಪುರದಲ್ಲಿ ಆಡಳಿತ ನಡೆಸಿದವನೂ ಅವನೇ. ಕೊಂದವನ ಬದುಕು ಓದುಗರನ್ನು ಸೆಳೆಯುತ್ತದೆ, ಸತ್ತವನದು ಸೆಳೆಯುವುದಿಲ್ಲ ಎಂಬ ಅಭ್ಯಾಸ ಅಲ್ಲಿಂದಲೇ ಬೇರುಬಿಟ್ಟಿತು.

ಮಾಫಿಸಾಕ್ಷಿಯ ಬಾಯಿಂದ ಬಂದ ವಂಶಾವಳಿ ಮುಂದೆ ಕಾನೂನೇ ಆಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಒಂದು ಕೃತ್ಯವನ್ನಲ್ಲ, ಒಂದು ಹುಟ್ಟನ್ನು ಅಪರಾಧವೆಂದಿತು. ಮೊದಲು ಉತ್ತರ ಭಾರತಕ್ಕಷ್ಟೇ ಇದ್ದ ಅದು 1911ರ ಹೊಸ ಕಾಯ್ದೆಯೊಂದಿಗೆ ದಕ್ಷಿಣಕ್ಕೂ ಬಂತು. ಮುಂಬಯಿ ಪ್ರಾಂತ್ಯದಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ‘ಸೆಟ್ಲಮೆಂಟ್’ಗಳು ಎದ್ದವು. ಒಳಗಿದ್ದವರಿಗೆ ದಿನವೂ ಹಾಜರಿ, ಹೊರಹೋಗಲು ಪಾಸು, ಗಿರಣಿಗಳಿಗೆ ಅಗ್ಗದ ಕೂಲಿ. ಹುಬ್ಬಳ್ಳಿ, ಗದಗಗಳಲ್ಲಿ ಆ ಬಡಾವಣೆಗಳನ್ನು ಇಂದಿಗೂ ಜನ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಕಾಯ್ದೆ ಮುಂಬಯಿಯಲ್ಲಿ 1949ರಲ್ಲೂ ದೇಶದ ಮಟ್ಟದಲ್ಲಿ 1952ರ ಆಗಸ್ಟ್ 31ರಂದೂ ಕೊನೆಗೊಂಡಿತು. ಆದರೆ ‘ಗಂಟಿಚೋರ್’ ಎಂಬ ಹೆಸರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಹಾಗೆಯೇ ಉಳಿದಿದೆ. ಗಂಟು ಕದಿಯುವವನು ಎಂಬ ಅರ್ಥದ ಪದ ಶಾಲೆಗೆ ಹೋಗುವ ಮಗುವಿನ ಜಾತಿ ಪ್ರಮಾಣಪತ್ರದಲ್ಲಿ ಅಚ್ಚಾಗಿ ಬರುತ್ತದೆ. ಆ ಮಗು ಯಾರ ಗಂಟನ್ನೂ ಮುಟ್ಟಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ದಾರಿಗಳಲ್ಲಿ ಕೊಲೆಗಳು ನಡೆದದ್ದು ನಿಜ, ಹೂತ ಹೆಣಗಳು ಸಿಕ್ಕಿದ್ದು ನಿಜ. ಹೀಗಿರುವಾಗ ಆ ಅಧ್ಯಯನವನ್ನೆಲ್ಲ ವಸಾಹತುಶಾಹಿಯ ಕಲ್ಪನೆ ಎಂದು ತಳ್ಳಿಹಾಕಬಹುದೇ? ತಳ್ಳಿಹಾಕಬಾರದು. ಸತ್ತವರಿದ್ದರು ಎಂಬುದೇ ನನ್ನ ವಾದದ ಬುಡ. ಸತ್ತವರನ್ನು ಕೇಂದ್ರದಲ್ಲಿಟ್ಟಿದ್ದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆಯಾಗುತ್ತಿದ್ದವು: ಯಾವ ದಾರಿ, ಯಾವ ಬರಗಾಲ, ಸೇನೆ ಬಿಟ್ಟು ಬೀದಿಗೆ ಬಿದ್ದ ಎಷ್ಟು ಸಿಪಾಯಿಗಳು, ಮನೆಗೆ ಮರಳದವನ ಹೆಂಡತಿ ಮಕ್ಕಳ ಗತಿ ಏನು. ರಕ್ತದಲ್ಲಿ ಹರಿಯುವ ಅಪರಾಧ ಎಂಬ ಉತ್ತರ ಈ ಪ್ರಶ್ನೆಗಳಿಗೆ ಹೊಂದುವುದೇ ಇಲ್ಲ. ಅದೇ ಹಳೆಯ ಉತ್ತರ ಈಗಲೂ ಹೊಸ ವೇಷದಲ್ಲಿ ಬರುತ್ತಿದೆ. 2025ರ ಮಾರ್ಚ್‌ನಲ್ಲಿ ಖುಲ್ತಾಬಾದಿನ ಗೋರಿ ತೆರವಾಗಬೇಕೆಂಬ ಕೂಗೆದ್ದು, 17ರಂದು ನಾಗಪುರದಲ್ಲಿ ಹಿಂಸೆ ಭುಗಿಲೆದ್ದಿತು. ಒಂದು ವಾರದೊಳಗೆ ಅಲ್ಲಿ ಆರೋಪಿಯೊಬ್ಬನ ಮನೆ ಕೆಡವಲಾಯಿತು, ಮುಂಬಯಿ ಹೈಕೋರ್ಟಿನ ನಾಗಪುರ ಪೀಠ ತಡೆಯೊಡ್ಡಬೇಕಾಯಿತು. ಆರೋಪ ಬಂತೆಂದು ಮನೆ ಉರುಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲೇ ಹೇಳಿತ್ತು. ಒಬ್ಬನ ಮೇಲಿನ ಆರೋಪಕ್ಕೆ ಇಡೀ ಮನೆಯವರು ಬೆಲೆ ತೆರುವುದು 1871ರ ತರ್ಕವೇ. ವಾಹನ ಸುಟ್ಟುಹೋದವನಿಗೆ ಅದರಿಂದ ದಕ್ಕಿದ್ದು ಏನೂ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಅಧ್ಯಯನ ವಿಶ್ವವಿದ್ಯಾಲಯಗಳಿಗೆ ದಾಟಿತು. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ, ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಾಗಿ ಬೆಳೆದ ಶಾಲೆ, ಬಡತನ, ವಲಸೆ, ಬಾಲಾಪರಾಧಗಳನ್ನು ಒಂದೇ ಹೆಣಿಗೆಯಲ್ಲಿ ನೋಡುವುದನ್ನು ಕಲಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅಪರಾಧಶಾಸ್ತ್ರವನ್ನೂ ವಿಧಿವಿಜ್ಞಾನವನ್ನೂ ಒಂದೇ ವಿಭಾಗದಲ್ಲಿ ಬೋಧಿಸಿತು. ಅಪರಾಧಿ ಹುಟ್ಟುವುದಿಲ್ಲ, ಆಗುತ್ತಾನೆ ಎಂಬ ತಿಳಿವು ಹಬ್ಬಿತು. ದೊಡ್ಡ ಮುನ್ನಡೆಯೇ ಅದು. ಆದರೂ ಕಣ್ಣು ಇನ್ನೂ ಅಪರಾಧಿಯ ಮೇಲೇ ನೆಟ್ಟಿತ್ತು. ಹಾನ್ಸ್ ಫಾನ್ ಹೆಂಟಿಗ್ 1948ರಲ್ಲಿ ಸಂತ್ರಸ್ತನ ಕಡೆ ತಿರುಗಿದಾಗಲೂ, ಅವನು ತನ್ನ ಗತಿಗೆ ತಾನೆಷ್ಟು ಕಾರಣ ಎಂಬ ಪ್ರಶ್ನೆ ಆ ಬರಹದಲ್ಲಿ ನುಸುಳಿತ್ತು. 1973ರ ಜೆರುಸಲೇಮ್ ಸಮ್ಮೇಳನ, 1985ರ ವಿಶ್ವಸಂಸ್ಥೆಯ ಘೋಷಣೆ ದಾಟಿದ ಮೇಲೆ ಆ ಪ್ರಶ್ನೆ ಹಿಂದೆ ಸರಿದು, ಸಂತ್ರಸ್ತರಿಗೆ ಸಲ್ಲಬೇಕಾದ್ದು ಏನು ಎಂಬುದು ಮುಂದೆ ಬಂತು. ಭಾರತೀಯ ಸಂತ್ರಸ್ತಶಾಸ್ತ್ರ ಸಂಘ ಹುಟ್ಟಿದ್ದು 1992ರಲ್ಲಿ.

ನಮ್ಮಲ್ಲಿ ಈ ತಿರುವನ್ನು ಪುಸ್ತಕಗಳಿಗಿಂತ ಹೆಚ್ಚಾಗಿ ಸೋಲುಗಳೇ ತಂದವು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೊಂದವರು ಯಾರು ಎಂಬುದನ್ನಷ್ಟೇ ಹುಡುಕುವ ವ್ಯವಸ್ಥೆ, ಬದುಕುಳಿದವರು ಯಾರ ನೆರಳಿನಲ್ಲಿ ಬದುಕಬೇಕು ಎಂದು ಕೇಳದೆ ಹೋದರೆ, ತನ್ನ ಮೊದಲ ಪ್ರಶ್ನೆಗೂ ಉತ್ತರ ಪಡೆಯಲಾರದು. ಸಾಕ್ಷಿ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದಾಗ 2018 ಬಂದಿತ್ತು. ಅದೇ ವರ್ಷ, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ, ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ಸಂತ್ರಸ್ತರು ನ್ಯಾಯಾಲಯದ ವಿಶೇಷ ಅನುಮತಿ ಕೇಳಬೇಕಿಲ್ಲ ಎಂದು ಆ ನ್ಯಾಯಾಲಯ ತೀರ್ಪಿತ್ತಿತು. ಪರಿಹಾರದ ಹಕ್ಕು 2008ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿ, 2011ರಲ್ಲಿ ಕರ್ನಾಟಕದ ಯೋಜನೆಯಾಯಿತು.

ಸಂತ್ರಸ್ತರ ಕಡೆ ವಾಲಿದರೆ ಆರೋಪಿಯ ಹಕ್ಕು ಕುಗ್ಗುತ್ತದೆ ಎಂಬ ಆತಂಕವನ್ನು ನಾನು ಲಘುವಾಗಿ ಕಾಣುವುದಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿ ಸಂತ್ರಸ್ತರಿಗೆ ವಿಚಾರಣೆಯಲ್ಲಿ ದನಿ ಕೊಡಬೇಕೆಂದಿತು. ಜೊತೆಗೇ, ಸಂಶಯಾತೀತ ರುಜುವಾತಿನ ಅಳತೆಯನ್ನೂ ಸಡಿಲಿಸಬೇಕೆಂದಿತು. ಮೊದಲನೆಯದು ಸರಿ, ಎರಡನೆಯದು ತಪ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದೇ ಗೊಂದಲಕ್ಕೆ ಮೂಲ. ಕಂಬಾಲಪಲ್ಲಿಯ ಕುಟುಂಬಗಳಿಗೆ ಬೇಕಿದ್ದದ್ದು ರಕ್ಷಣೆ, ನೆಲೆ, ತನಿಖೆಯಲ್ಲಿ ಮುತುವರ್ಜಿ. ನಿರಪರಾಧಿಯೊಬ್ಬ ಸುಲಭವಾಗಿ ಜೈಲು ಸೇರುವುದರಿಂದ ಅವುಗಳಲ್ಲಿ ಒಂದೂ ಸಿಗುತ್ತಿರಲಿಲ್ಲ.

ಈ ಶಾಸ್ತ್ರ ಇಂದಿಗೂ ದುರ್ಬಲವಾಗಿರುವುದು ಎಣಿಕೆಯಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪೊಲೀಸ್ ಠಾಣೆಯ ಎಫ್‌ಐಆರ್ ಎಣಿಸುತ್ತದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಘೋರವಾದ ಒಂದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಠಾಣೆಯ ಮೆಟ್ಟಿಲು ಹತ್ತದವರು ಅಲ್ಲಿ ಇಲ್ಲವೇ ಇಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಬಾಗಿಲಿಗೆ ಹೋಗಿ ಕೇಳಿದಾಗ, ಕರ್ನಾಟಕದಲ್ಲಿ 18ರಿಂದ 49ರ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. ಕೆಲವೇ ವರ್ಷಗಳಲ್ಲಿ ಇಷ್ಟು ಏರಿದ್ದನ್ನು ನಂಬುವುದು ಹೇಗೆ, ಬಾಯಿಮಾತಿನ ಲೆಕ್ಕ ವಿಜ್ಞಾನವೇ ಎಂದು ಕೇಳುವವರಿದ್ದಾರೆ. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ ಎಂಬುದನ್ನು ಬಿಡಿಸಿ ನೋಡಲೇಬೇಕು. ಅದಕ್ಕೆ ಬೇಕಾದದ್ದು ಇನ್ನೂ ಹೆಚ್ಚು ಸಮೀಕ್ಷೆ. ಅಮೆರಿಕ 1970ರ ದಶಕದಿಂದ, ಇಂಗ್ಲೆಂಡ್ 1982ರಿಂದ ಜನರನ್ನೇ ನೇರವಾಗಿ ಕೇಳುತ್ತ ಬಂದಿವೆ. ನಮ್ಮಲ್ಲಿ ಅಂಥ ನಿಯತ ರಾಷ್ಟ್ರೀಯ ಸಂತ್ರಸ್ತ ಸಮೀಕ್ಷೆ ಇಲ್ಲ.

ಅಂಥದ್ದೊಂದು ನಡೆದರೆ, ಬಹುಕಾಲ ಶಂಕೆಗೆ ಗುರಿಯಾದ ಅಲೆಮಾರಿ ಜನ ಯಾವ ಕಡೆ ಕಾಣಿಸಿಕೊಳ್ಳುತ್ತಾರೆ? 2018ರ ಜುಲೈ 1ರಂದು, ನಾಶಿಕಕ್ಕೆ ಉತ್ತರದ ಧುಳೆ ಜಿಲ್ಲೆಯ ರೈನ್‌ಪಾಡಾ ಎಂಬ ಹಳ್ಳಿಯ ಸಂತೆಗೆ ಬಂದ ಐವರನ್ನು ಮಕ್ಕಳ ಕಳ್ಳರೆಂಬ ಗಾಳಿಮಾತಿಗೆ ಗುಂಪು ಹೊಡೆದು ಕೊಂದಿತು. ಅವರು ಅಲೆಮಾರಿ ನಾಥಪಂಥಿ ಗೋಸಾವಿಗಳು. ಭಿಕ್ಷೆ ಎತ್ತುತ್ತ ಊರೂರು ತಿರುಗುತ್ತಿದ್ದವರು. ಹೆಚ್ಚಿನವರ ಊರು, ಬಸವಣ್ಣ ಕೆಲಸ ಮಾಡಿದ್ದನೆಂದು ಕನ್ನಡಿಗರು ನೆನೆಯುವ ಮಂಗಳವೇಢೆಯ ಸೀಮೆ. ಈ ಸಲ ದಾರಿಯಲ್ಲಿ ಸತ್ತವರಿಗೆ ಹೆಸರುಗಳಿದ್ದವು, ಪತ್ರಿಕೆಗಳಲ್ಲಿ ಅಚ್ಚಾದವು.