ಸೈಬರ್ ಅಪರಾಧ ತನಿಖಾ ವ್ಯವಸ್ಥೆ, ಹಾವೇರಿ ಜಿಲ್ಲೆ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಹಾವೇರಿ ಜಿಲ್ಲೆಯ ತಾಲ್ಲೂಕುಗಳು. ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ ನಡೆಯುವ ಅಪರಾಧಗಳಿಗೆಂದೇ ಇರುವ ಠಾಣೆ ಈ ನಾಲ್ಕೂ ಊರುಗಳಿಂದ ಆಚೆ, ಜಿಲ್ಲಾಕೇಂದ್ರ ಹಾವೇರಿಯಲ್ಲಿದೆ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಇದು ಜನರ ಬಾಯಲ್ಲಿ ‘ಸಿಇಎನ್ ಠಾಣೆ’.

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮರುವರ್ಷವೇ ಬೆಂಗಳೂರಿನಲ್ಲಿ, ಈಗಿನ ಸಿಐಡಿಯ ಅಧೀನದಲ್ಲಿ, ಇಡೀ ರಾಜ್ಯದ ವ್ಯಾಪ್ತಿಯಿದ್ದ ಸೈಬರ್ ಅಪರಾಧ ಠಾಣೆ ಆರಂಭವಾಯಿತು. ಜಿಲ್ಲೆಗೊಂದು ಸಿಇಎನ್ ಠಾಣೆ ಬಂದದ್ದು ಎಷ್ಟೋ ವರ್ಷಗಳ ನಂತರ.

ಈ ಕಾಯ್ದೆಯ 78ನೇ ಕಲಂ ತಾಲ್ಲೂಕಿನ ಜನ ತಿಳಿದಿರಬೇಕಾದದ್ದು. ಮೊದಲು ಡಿವೈಎಸ್‌ಪಿಗಿಂತ ಕೆಳಗಿನ ಅಧಿಕಾರಿ ಈ ಕಾಯ್ದೆಯಡಿ ತನಿಖೆ ಮಾಡುವಂತಿರಲಿಲ್ಲ. 2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ತಿದ್ದುಪಡಿ ಆ ಅಧಿಕಾರವನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಇಳಿಸಿತು. ಪಿಎಸ್‌ಐಗೆ ಅದು ಇಂದಿಗೂ ಇಲ್ಲ. ಪಿಎಸ್‌ಐ ಮುಖ್ಯಸ್ಥರಾಗಿರುವ ಠಾಣೆಯಲ್ಲಿ ಕೊಟ್ಟ ದೂರು ಸರ್ಕಲ್ ಇನ್‌ಸ್ಪೆಕ್ಟರ್ ಬಳಿಗೋ ಸಿಇಎನ್ ಠಾಣೆಗೋ ಹೋಗುವುದು ಇದರಿಂದಲೇ. ಹಾಗೆಂದು ದೂರು ತೆಗೆದುಕೊಳ್ಳದೆ ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇ-ಮೇಲ್‌ನಂಥ ವಿದ್ಯುನ್ಮಾನ ವಿಧಾನದಲ್ಲಿ ಕಳಿಸಿದರೆ ಮೂರು ದಿನದೊಳಗೆ ಸಹಿ ಮಾಡಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವ ಹೊಣೆ ಪೊಲೀಸರದು.

ಆದರೆ ಹಣ ಹೋದವರಿಗೆ ಠಾಣೆಗಿಂತ ಮೊದಲು ಬೇಕಾದದ್ದು 1930 ಎಂಬ ಸಂಖ್ಯೆ. 2021ರಲ್ಲಿ 155260 ಎಂದು ಶುರುವಾದ ಈ ಸಹಾಯವಾಣಿ ಮರುವರ್ಷ ನಾಲ್ಕು ಅಂಕಿಗೆ ಇಳಿಯಿತು. ಕರೆ ಸ್ವೀಕರಿಸಿದವರು ವಹಿವಾಟಿನ ವಿವರ ದಾಖಲಿಸಿದರೆ ಅದು ಸಂಬಂಧಪಟ್ಟ ಬ್ಯಾಂಕಿಗೆ ತಲುಪುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ದಾಟಿದ್ದರೆ ಮಾಹಿತಿಯೂ ಅದರ ಬೆನ್ನಿಗೇ ಆ ಬ್ಯಾಂಕಿಗೆ ಹೋಗುತ್ತದೆ. ವಂಚಕರು ಬಡವರಿಂದ ಬಾಡಿಗೆಗೆ ಪಡೆದ ಖಾತೆಗಳ ಮೂಲಕ ಹಣವನ್ನು ನಿಮಿಷಗಳಲ್ಲಿ ಚೂರುಚೂರು ಮಾಡಿ ಸಾಗಿಸುತ್ತಾರೆ. ಹಿರೇಕೆರೂರಿನಿಂದ ಬಸ್ ಹಿಡಿದು ಹಾವೇರಿ ಮುಟ್ಟುವಷ್ಟರಲ್ಲಿ ಅದು ಎಟಿಎಂನಿಂದ ನಗದಾಗಿ ಹೊರಬಂದಿರಬಹುದು. ಬಸ್ ನಿಲ್ದಾಣಕ್ಕೆ ಹೊರಡುವ ಮೊದಲೇ ಫೋನ್ ಮಾಡಬೇಕು. ಹಣವಲ್ಲದೆ ಮಾನಕ್ಕೆ ಕುಂದು ತರುವ ಚಿತ್ರ, ಬೆದರಿಕೆ, ನಕಲಿ ಖಾತೆಗಳಂಥ ದೂರುಗಳಿಗೆ 2019ರ ಆಗಸ್ಟ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್ ಇದೆ. ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಕೆಲವು ಬಗೆಯ ದೂರುಗಳನ್ನು ಅಲ್ಲಿ ಹೆಸರು ಹೇಳದೆಯೂ ಕೊಡಬಹುದು. ಊರಿನ ಠಾಣೆಗೆ ಹೋಗಲು ಅಂಜುವವರಿಗೆ ಇದು ದೊಡ್ಡ ಆಸರೆ.

ತನಿಖಾಧಿಕಾರಿ ಬ್ಯಾಂಕಿನಿಂದ ಖಾತೆದಾರರ ದಾಖಲೆ, ಮೊಬೈಲ್ ಕಂಪನಿಯಿಂದ ಸಿಮ್ ಅರ್ಜಿ ಮತ್ತು ಕರೆಗಳ ವಿವರ, ಎಟಿಎಂನಿಂದ ಸಿಸಿಟಿವಿ ದೃಶ್ಯ ತರಿಸಿಕೊಳ್ಳುತ್ತಾರೆ. ದೃಶ್ಯಗಳು ಕೆಲವು ದಿನಗಳಲ್ಲಿ ಅಳಿಸಿಹೋಗುವುದರಿಂದ ಪತ್ರ ತಡವಾದರೆ ಆ ಸಾಕ್ಷ್ಯವೇ ಇಲ್ಲ. ಸರ್ವರ್ ವಿದೇಶದಲ್ಲಿದ್ದರೆ ದಾರಿ ಇನ್ನೂ ಉದ್ದ. ಜಪ್ತಿಯಾದ ಫೋನು, ಹಾರ್ಡ್ ಡಿಸ್ಕ್‌ಗಳ ಪರೀಕ್ಷೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ನಡೆಯುತ್ತದೆ. ಬೆಂಗಳೂರಿನ ಮುಖ್ಯ ಪ್ರಯೋಗಾಲಯವಲ್ಲದೆ ದಾವಣಗೆರೆ, ಬೆಳಗಾವಿ ಮೊದಲಾದ ಕಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರ ಜನವರಿ 28ರಂದು ಅಡಿಗಲ್ಲು ಬಿತ್ತು.

ತರಬೇತಿಗೆ ಬೆಂಗಳೂರಿನ ಸಿಐಡಿ ಕೇಂದ್ರ ಕಚೇರಿಯಲ್ಲಿ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರವಿದೆ. ಪೊಲೀಸರ ಜೊತೆಗೆ ಅಭಿಯೋಜಕರು, ನ್ಯಾಯಾಧೀಶರೂ ಅಲ್ಲಿ ಕಲಿಯುತ್ತಾರೆ. ಇದನ್ನು ಕಟ್ಟಲು ಕೈಜೋಡಿಸಿದ್ದು ಇನ್ಫೋಸಿಸ್ ಪ್ರತಿಷ್ಠಾನ. ಆಗ ಅದರ ಅಧ್ಯಕ್ಷರಾಗಿದ್ದ ಸುಧಾ ಮೂರ್ತಿ ಹುಟ್ಟಿದ್ದು ಶಿಗ್ಗಾಂವಿಯಲ್ಲಿ.

ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಬಳಸಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಇದು ಜಾಮೀನು ಸಿಗುವ ಅಪರಾಧ. ಇದರೊಂದಿಗೆ ಏಳು ವರ್ಷದವರೆಗೆ ಸಜೆಯಿರುವ ಭಾರತೀಯ ನ್ಯಾಯ ಸಂಹಿತೆಯ 318(4)ನ್ನೂ ಸೇರಿಸಿದರೆ ಪ್ರಕರಣಕ್ಕೆ ಬಲ ಬರುತ್ತದೆ.

ಆ ಬಲವೂ ಒಂದು ಕಾಗದದ ಮೇಲೆ ನಿಂತಿದೆ. ಸ್ಕ್ರೀನ್‌ಶಾಟ್‌ನ ಮುದ್ರಿತ ಪ್ರತಿ ತಾನಾಗಿಯೇ ಸಾಕ್ಷ್ಯವಲ್ಲ, ಪ್ರಮಾಣಪತ್ರ ಬೇಕು ಎಂದು ಸುಪ್ರೀಂ ಕೋರ್ಟ್ 2014ರ ಅನ್ವರ್ ಪ್ರಕರಣದಲ್ಲಿ ಹೇಳಿ, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿತು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಈಗ ಆ ಪತ್ರಕ್ಕೆ ಎರಡು ಭಾಗ: ಒಂದಕ್ಕೆ ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಕಡತ ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಆದ್ದರಿಂದ ಮೆಸೇಜು, ಕರೆ ದಾಖಲೆಗಳನ್ನು ಸಿಟ್ಟಿನಲ್ಲೋ ನಾಚಿಕೆಯಿಂದಲೋ ಅಳಿಸದೆ, ಫೋನನ್ನು ಇದ್ದ ಹಾಗೇ ಇಟ್ಟುಕೊಳ್ಳಬೇಕು.

ತಡೆಹಿಡಿದ ಹಣಕ್ಕಾಗಿ ತೀರ್ಪಿನವರೆಗೆ ಕಾಯಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದರೆ, ಪೊಲೀಸರ ವರದಿ ನೋಡಿ, ಅಗತ್ಯವೆನಿಸಿದರೆ ಬಾಂಡ್ ಬರೆಸಿಕೊಂಡು, ಹಣ ಮರಳಿಸಲು ಅವರು ಬ್ಯಾಂಕಿಗೆ ಆದೇಶಿಸಬಹುದು.