ಇಬ್ಬರ ನಡುವಿನ ಜಾಗ

ಪಿಯಾನೊ, ಗಿಟಾರ್ ಎರಡನ್ನೇ ಇಟ್ಟುಕೊಂಡು ಜಾಜ್ ನುಡಿಸೋದು ಸುಲಭ ಅಂತ ಅನ್ನಿಸಬಹುದು. ಅಲ್ಲವೇ ಅಲ್ಲ. ಎರಡೂ ಒಂದೇ ಏಟಿಗೆ ನಾಲ್ಕೈದು ಸ್ವರ ಹಿಡಿಯೋ ವಾದ್ಯಗಳು. ಎರಡರ ಓಡಾಟವೂ ಹೆಚ್ಚುಕಮ್ಮಿ ಒಂದೇ ಸ್ಥಾಯಿಯಲ್ಲಿ. ಸ್ವಲ್ಪ ಎಚ್ಚರ ತಪ್ಪಿದರೂ ಚಿಕ್ಕ ಅಡುಗೆಮನೆಯಲ್ಲಿ ಇಬ್ಬರು ಭಟ್ಟರು ನಿಂತ ಹಾಗಾಗುತ್ತೆ. 1962ರ ಆರಂಭದಲ್ಲಿ ಗಿಟಾರ್ ವಾದಕ ಜಿಮ್ ಹಾಲ್, ಸಾನಿ ರಾಲಿನ್ಸ್ ಜೊತೆ ‘ದಿ ಬ್ರಿಜ್’ ರೆಕಾರ್ಡ್ ಮಾಡಿದಾಗ ಆ ತಂಡದಲ್ಲಿ ಪಿಯಾನೊನೇ ಇರಲಿಲ್ಲ.

ಅದೇ ವರ್ಷ ಏಪ್ರಿಲ್ ಮತ್ತು ಮೇನಲ್ಲಿ ಹಾಲ್, ಪಿಯಾನೊ ವಾದಕ ಬಿಲ್ ಇವಾನ್ಸ್ ಜೊತೆ ಕೂತರು. ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಆ ಆಲ್ಬಮ್ಮೇ ‘ಅಂಡರ್‌ಕರೆಂಟ್’.

ಇವಾನ್ಸ್ ಆಗ ದೊಡ್ಡ ಪೆಟ್ಟು ತಿಂದಿದ್ದರು. ಅವರ ಮೂವರ ತಂಡದಲ್ಲಿ ಬೇಸ್ ವಾದಕ ಸ್ಕಾಟ್ ಲಫಾರೊ ಬರೀ ತಾಳ ಹಿಡಿದು ಹಿಂದೆ ನಿಲ್ಲುತ್ತಿರಲಿಲ್ಲ, ಪಿಯಾನೊಗೆ ಸಮನಾಗಿ ಮಾತಾಡುತ್ತಿದ್ದರು. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಆ ತಂಡದ ಕಛೇರಿ ರೆಕಾರ್ಡ್ ಆಯ್ತು. ಹನ್ನೊಂದೇ ದಿನಕ್ಕೆ, ಜುಲೈ 6ರಂದು, ಕಾರು ಅಪಘಾತದಲ್ಲಿ ಲಫಾರೊ ಹೋಗಿಬಿಟ್ಟರು. ವಯಸ್ಸು 25. ಇವಾನ್ಸ್ ತಿಂಗಳುಗಟ್ಟಲೆ ಹೆಚ್ಚುಕಡಿಮೆ ನುಡಿಸಲೇ ಇಲ್ಲ.

ಹಾಗಂತ ಬೇಸ್ ಬಿಟ್ಟದ್ದನ್ನು ಶೋಕಾಚರಣೆ ಅಂದುಕೊಳ್ಳಬೇಡಿ. 1962ರ ಮೇ–ಜೂನ್‌ನಲ್ಲೇ ಹೊಸ ಬೇಸ್ ವಾದಕ ಚಕ್ ಇಸ್ರೇಲ್ಸ್ ಜೊತೆಗೂ ಅವರು ರೆಕಾರ್ಡ್ ಮಾಡಿದರು. ಆದರೆ ಲಫಾರೊ ಜೊತೆ ಕಂಡುಕೊಂಡ ಆ ಸರಿಸಮನಾದ ಮಾತುಕತೆ ನನಗೆ ಮತ್ತೆ ಕೇಳಿಸೋದು ಈ ಗಿಟಾರಿನಲ್ಲಿ.

‘ಮೈ ಫನ್ನಿ ವ್ಯಾಲೆಂಟೈನ್’ ಹಾಕಿ ನೋಡಿ. ಸಾಮಾನ್ಯವಾಗಿ ನಿಧಾನಕ್ಕೆ ಹಾಡೋ ಪ್ರೇಮಗೀತೆ ಇಲ್ಲಿ ಓಡುತ್ತೆ. ಇವಾನ್ಸ್ ಸೋಲೊಗೆ ಇಳಿದಾಗ ಹಾಲ್ ಒಂದೊಂದು ಮಾತ್ರೆಗೂ ತಂತಿ ಮೀಟುತ್ತಾ ತಾವೇ ಡ್ರಮ್ಸೂ ಬೇಸೂ ಆಗಿಬಿಡುತ್ತಾರೆ. ಹಾಲ್ ಸರದಿ ಬಂದಾಗ ಪಿಯಾನೊ ಪಕ್ಕಕ್ಕೆ ಸರಿದು ಜಾಗ ಕೊಡುತ್ತೆ. ಜುಗಲ್‌ಬಂದಿ ಅಂದ್ರೆ ಯಾರು ಯಾರನ್ನ ಮೀರಿಸ್ತಾರೆ ಅಂತ ಕಾಯ್ತೀವಲ್ಲ? ಇಲ್ಲಿ ಯಾರು ಯಾವಾಗ ಸುಮ್ಮನಾಗ್ತಾರೆ ಅನ್ನೋದೇ ಮಜಾ.

1966ರಲ್ಲಿ ಇಬ್ಬರೇ ಮತ್ತೆ ಸೇರಿ ‘ಇಂಟರ್‌ಮಾಡ್ಯುಲೇಷನ್’ ಮಾಡಿದರು. ಮೊದಲು ‘ಅಂಡರ್‌ಕರೆಂಟ್’ ಕೇಳಿ. ಒಂದು ಸಲ ಗಿಟಾರ್ ಮಾತ್ರ ಹಿಂಬಾಲಿಸಿ, ಇನ್ನೊಂದು ಸಲ ಪಿಯಾನೊ ಮಾತ್ರ. ಮೂರನೇ ಸಲಕ್ಕೆ ಇಬ್ಬರೂ ಒಟ್ಟಿಗೆ ಕೇಳಿಸುತ್ತಾರೆ.