ಬೆಂಕಿಗಾಗಿ ಕಾದಿರುವ ನೀರು

1991ರ ಫೆಬ್ರುವರಿ 23, ಶನಿವಾರ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿದ್ದ ‘ಒನ್ ಮೆರಿಡಿಯನ್ ಪ್ಲಾಜಾ’ ಎಂಬ 38 ಅಂತಸ್ತಿನ ಕಚೇರಿ ಕಟ್ಟಡದಲ್ಲಿ ರಾತ್ರಿ ಎಂಟೂವರೆಯ ಸುಮಾರಿಗೆ ಬೆಂಕಿ ಕಾಣಿಸಿಕೊಂಡಿತು. 22ನೆಯ ಮಹಡಿಯಲ್ಲಿ ಮರಗೆಲಸಕ್ಕೆ ಹೊಳಪು ಕೊಡುತ್ತಿದ್ದವರು ಬಿಟ್ಟುಹೋಗಿದ್ದ, ಅಗಸೆ ಎಣ್ಣೆಯಲ್ಲಿ ತೊಯ್ದ ಚಿಂದಿಬಟ್ಟೆಗಳು ತಾವಾಗಿಯೇ ಬಿಸಿಯೇರಿ ಹೊತ್ತಿಕೊಂಡಿದ್ದವು. ಅಗ್ನಿಶಾಮಕ ದಳದವರು ಕಟ್ಟಡದೊಳಗಿನ ನೀರಿನ ಕೊಳವೆಗೆ ತಮ್ಮ ಪೈಪು ಜೋಡಿಸಿದರೆ ನೀರು ರಭಸವಾಗಿ ಚಿಮ್ಮಲೇ ಇಲ್ಲ. ಒತ್ತಡ ಮಿತಿಮೀರದಿರಲೆಂದು ಮಹಡಿಗಳಲ್ಲಿ ಕೂರಿಸಿದ್ದ ವಾಲ್ವ್‌ಗಳು ಅದನ್ನು ತೀರ ಕೆಳಕ್ಕೆ ಇಳಿಸುವಂತೆ ಹೊಂದಿಕೆಯಾಗಿದ್ದವು. ಬೆಂಕಿ ಬಿದ್ದ ರಾತ್ರಿಯವರೆಗೂ ಆ ತಪ್ಪು ಸರಿಹೋಗಿರಲಿಲ್ಲ.

ದಳದ ಮೂವರು ಹೊಗೆಯಲ್ಲಿ ದಾರಿ ತಪ್ಪಿ ಪ್ರಾಣ ಬಿಟ್ಟರು. ಕಟ್ಟಡ ಕುಸಿದೀತೆಂಬ ಭಯದಿಂದ ಬೆಳಿಗ್ಗೆ ಉಳಿದವರನ್ನೆಲ್ಲ ಹೊರಗೆ ಕರೆಸಿಕೊಳ್ಳಲಾಯಿತು. ಎಂಟು ಮಹಡಿಗಳನ್ನು ನುಂಗಿದ ಬೆಂಕಿ 30ನೆಯ ಮಹಡಿಯಲ್ಲಿ ನಿಂತಿತು. ಅಲ್ಲಿ ಚಾವಣಿಯ ತುಂಬ ಸ್ಪ್ರಿಂಕ್ಲರ್‌ಗಳಿದ್ದವು. ನೂರಾರು ಜನ ರಾತ್ರಿಯಿಡೀ ಹೆಣಗಿ ಮಾಡಲಾಗದ ಕೆಲಸವನ್ನು, ಹೊರಗಿನ ವಾಹನಗಳು ಒತ್ತಿ ಕಳಿಸಿದ ನೀರಿನ ಬಲದಿಂದ ಹತ್ತೇ ಹತ್ತು ಸ್ಪ್ರಿಂಕ್ಲರ್‌ಗಳು ಮಾಡಿದವು.

ಇಷ್ಟು ಪ್ರಯೋಜನಕಾರಿಯಾದ ಈ ಸಲಕರಣೆ ಹುಟ್ಟಿದ್ದು ಜನರ ಪ್ರಾಣ ಉಳಿಸಲೆಂದಲ್ಲ, ಗಿರಣಿಗಳ ಆಸ್ತಿ ಉಳಿಸಲೆಂದು. ರೋಡ್ ಐಲೆಂಡ್ ಪ್ರಾಂತದ ಗಿರಣಿ ಮಾಲೀಕ ಜಕರಾಯ ಆ್ಯಲನ್ ತನ್ನ ಗಿರಣಿಯನ್ನು ಬೆಂಕಿಗೆ ಜಗ್ಗದಂತೆ ಕಟ್ಟಿಸಿ, ವಿಮೆಯ ಕಂತು ಇಳಿಸುವಂತೆ ಕೇಳಿದ. ವಿಮಾ ಕಂಪೆನಿ ಒಪ್ಪಲಿಲ್ಲ. 1835ರಲ್ಲಿ ಆತ ಇತರ ಗಿರಣಿ ಮಾಲೀಕರೊಡನೆ ಸೇರಿ ಪರಸ್ಪರ ವಿಮಾ ಸಂಸ್ಥೆಯೊಂದನ್ನು ಕಟ್ಟಿದ. ಒಬ್ಬನ ಅಜಾಗರೂಕತೆಯ ನಷ್ಟವನ್ನು ಎಲ್ಲರೂ ಹೊರಬೇಕಾದ್ದರಿಂದ, ಸದಸ್ಯರ ಗಿರಣಿಗಳನ್ನು ಹೋಗಿ ನೋಡಿಬರುವ ಪದ್ಧತಿ ಬೆಳೆಯಿತು. ಇಂದಿನ ತಪಾಸಕನ ಪೂರ್ವಜರು ಇವರೇ. ಸರ್ಕಾರ ಈ ಕೆಲಸಕ್ಕೆ ಬಂದದ್ದು ಬಹಳ ತಡವಾಗಿ.

1874ರಲ್ಲಿ ನ್ಯೂಹೇವನ್‌ನ ಪಿಯಾನೊ ತಯಾರಕ ಹೆನ್ರಿ ಪಾರ್ಮೆಲಿ ತನ್ನ ಕಾರ್ಖಾನೆಗಾಗಿ ಸ್ವಯಂಚಾಲಿತ ಸ್ಪ್ರಿಂಕ್ಲರ್ ರೂಪಿಸಿದ. ಬೆಂಕಿಯ ಕಾವಿಗೆ ಬೆಸುಗೆ ಕರಗಿ ನೀರು ಬಿಡುಗಡೆಯಾಗುತ್ತಿತ್ತು. ಫ್ರೆಡರಿಕ್ ಗ್ರಿನೆಲ್ ಅದನ್ನು ಸುಧಾರಿಸಿ ಊರೂರಿಗೆ ಮುಟ್ಟಿಸಿದ. ಆದರೆ ಕೊಳವೆ ಎಷ್ಟು ದಪ್ಪವಿರಬೇಕು, ಸ್ಪ್ರಿಂಕ್ಲರ್‌ಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದಕ್ಕೆ ಬಾಸ್ಟನ್ನಿನ ನೂರು ಮೈಲಿ ಫಾಸಲೆಯಲ್ಲೇ ಒಂಬತ್ತು ಬಗೆಯ ನಿಯಮಗಳಿದ್ದವು. ಈ ಗೊಂದಲ ನೀಗಿಸಲು 1895ರಲ್ಲಿ ಸೇರಿದವರ ಪ್ರಯತ್ನದಿಂದಲೇ ಮರುವರ್ಷ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ಹುಟ್ಟಿತು.

ಹತ್ತಿಯ ಮೂಟೆಗೆ ದೊರೆತ ಈ ಕಾವಲು ಹೊಲಿಗೆಯ ಹೆಣ್ಣುಮಕ್ಕಳಿಗೆ ದೊರೆಯಲಿಲ್ಲ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಮಂದಿ ಸತ್ತಾಗ ಆ ಕಟ್ಟಡದಲ್ಲಿ ಒಂದು ಸ್ಪ್ರಿಂಕ್ಲರೂ ಇರಲಿಲ್ಲ.

ಸಿನಿಮಾಗಳಲ್ಲಿ ತೋರಿಸುವಂತೆ ಒಬ್ಬ ಸಿಗರೇಟು ಹಚ್ಚಿದೊಡನೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವುದಿಲ್ಲ. ಈಗಿನ ಬಹುಪಾಲು ಸ್ಪ್ರಿಂಕ್ಲರ್‌ಗಳ ಬಾಯಿಗೆ ದ್ರವ ತುಂಬಿದ ಪುಟ್ಟ ಗಾಜಿನ ಕೊಳವೆಯೊಂದು ಅಡ್ಡ ನಿಂತಿರುತ್ತದೆ. ಕೆಂಪು ದ್ರವದ್ದಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ, ಹಸಿರಿನದಾದರೆ 93ಕ್ಕೆ. ಕಾವು ತಟ್ಟಿದ್ದು ಮಾತ್ರ ತೆರೆದುಕೊಳ್ಳುತ್ತದೆ, ಪಕ್ಕದ್ದು ಸುಮ್ಮನಿರುತ್ತದೆ.

ತೊಂದರೆ ಇರುವುದೂ ಈ ಸುಮ್ಮನಿರುವಿಕೆಯಲ್ಲೇ. ಲಿಫ್ಟ್ ಕೆಟ್ಟರೆ ಅಂದೇ ದೂರು ಬರುತ್ತದೆ. ಸ್ಪ್ರಿಂಕ್ಲರ್ ಕೆಟ್ಟಿದ್ದರೆ ಗೊತ್ತಾಗುವುದು ಬೆಂಕಿ ಬಿದ್ದ ದಿನ. ಅಳವಡಿಸುವ ನಿಯಮ 1896ರಷ್ಟು ಹಿಂದೆಯೇ ಬಂದರೂ, ಇಂಥ ನೀರಿನ ವ್ಯವಸ್ಥೆಗಳ ತಪಾಸಣೆ, ಪರೀಕ್ಷೆ, ನಿರ್ವಹಣೆಗಳಿಗೆಂದೇ ಅದೇ ಸಂಘದ ಪ್ರತ್ಯೇಕ ಸಂಹಿತೆ ಹೊರಬಂದದ್ದು 1992ರಲ್ಲಿ. ಭಾರತೀಯ ಮಾನಕ ಸಂಸ್ಥೆ 2002ರಲ್ಲಿ ಸ್ಪ್ರಿಂಕ್ಲರ್‌ಗಳಿಗೆ ತನ್ನದೇ ಸಂಹಿತೆ ಪ್ರಕಟಿಸಿತು.

ತಪಾಸಕ ನೋಡುವುದು ತೀರ ಸಾಮಾನ್ಯ ಸಂಗತಿಗಳನ್ನು. ಗೋಡೆಗೆ ಬಣ್ಣ ಬಳಿಯುವಾಗ ಸ್ಪ್ರಿಂಕ್ಲರಿಗೂ ಬಳಿದಿದ್ದಾರೆಯೆ? ಬಣ್ಣ ಮೆತ್ತಿದರೆ ಅದು ತಡವಾಗಿ ಒಡೆದೀತು. ಉಜ್ಜಿ ತೆಗೆಯುವಂತಿಲ್ಲ, ಬದಲಿಸಲೇಬೇಕು. ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಚಾವಣಿಯವರೆಗೂ ಪೇರಿಸಿದ್ದಾರೆಯೆ? ಸ್ಪ್ರಿಂಕ್ಲರಿನ ಕೆಳಗೆ ಸಾಮಾನ್ಯವಾಗಿ ಒಂದೂವರೆ ಅಡಿಯಾದರೂ ತೆರವಿರಬೇಕು, ಇಲ್ಲವಾದರೆ ನೀರು ಹರಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಮುಖ್ಯ ವಾಲ್ವ್. ಸ್ಪ್ರಿಂಕ್ಲರ್ ಕೈಕೊಟ್ಟ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಕಾರಣ ಯಂತ್ರದೋಷವಲ್ಲ, ಮೊದಲೇ ಯಾರೋ ನೀರು ನಿಲ್ಲಿಸಿದ್ದದ್ದು. ಸೋರಿಕೆ ರಿಪೇರಿಗೆಂದು ಮುಚ್ಚಿದವನು ಮರಳಿ ತೆರೆಯಲು ಮರೆತಿರುತ್ತಾನೆ, ಅಷ್ಟೆ.

ಆದ್ದರಿಂದಲೇ ಕೊಳವೆ ಜಾಲದ ಕೊನೆಯ ತುದಿಯಲ್ಲಿ, ಒಂದೇ ಸ್ಪ್ರಿಂಕ್ಲರ್ ತೆರೆದಷ್ಟು ನೀರು ಬಿಡುವ ಪರೀಕ್ಷಾ ನಲ್ಲಿಯೊಂದನ್ನು ಇಟ್ಟಿರುತ್ತಾರೆ. ತಪಾಸಕ ಅದನ್ನು ತಿರುಗಿಸಿ, ಕೈಗಡಿಯಾರ ನೋಡುತ್ತ ಎಚ್ಚರಿಕೆಯ ಗಂಟೆಗೆ ಕಿವಿಗೊಟ್ಟು ನಿಲ್ಲುತ್ತಾನೆ. ಬಳಿಕ ಕೆಳಗಿಳಿದು ಮುಖ್ಯ ವಾಲ್ವ್‌ನ ಬಳಿ ನೀರು ಹರಿಯಬಿಟ್ಟು, ಒತ್ತಡಮಾಪಕದ ಅಂಕಿಯನ್ನು ಕಳೆದ ವರ್ಷದ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳುತ್ತಾನೆ. ವಾಲ್ವ್ ಪೂರ್ತಿ ತೆರೆದಿದೆಯೆಂದು ಕೈಯಾರೆ ತಿರುಗಿಸಿ ನೋಡಿ, ಅದಕ್ಕೆ ಸರಪಳಿ ಸುತ್ತಿ ಬೀಗ ಹಾಕುತ್ತಾನೆ.